ಹತ್ತೊಂಬತ್ತನೆಯ ಶತಮಾನದ ಬೆಂಗಳೂರು ಪೇಟೆ ಮತ್ತು ನೆರೆಹಳ್ಳಿಗಳಲ್ಲಿ ಗಂಡಸರ ಹಾಗೂ ಹೆಂಗಸರ ಕಸುಬುಗಳು

ಪ್ರಸ್ತಾವನೆ

ಬೆಂಗಳೂರಿನ ಹಳೆಯ ಪೇಟೆಯ ಬೀದಿಗಳ ಹೆಸರುಗಳನ್ನು ಒಂದರ ಕೆಳಗೊಂದು ಬರೆದರೆ ಅದೇ ಒಂದು ಕಸುಬುಗಳ ಪಟ್ಟಿಯಾಗುತ್ತದೆ. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ, ನಗರ್ತಪೇಟೆ ಇವು ಕಸುಬುದಾರ ಮತ್ತು ವರ್ತಕ ಸಮುದಾಯಗಳ ಹೆಸರನ್ನು ಹೊತ್ತಿವೆ. ಅರಳೇಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆಗಳು ಮಾರಾಟದ ಸರಕಿನ ಹೆಸರನ್ನು ಉಳಿಸಿಕೊಂಡಿವೆ. ಆದರೆ ಅರಳೇಪೇಟೆಯ ಅರಳೆಯನ್ನು ನೂಲಾಗಿಸಿದ ಕೈ ಯಾರದು, ರಾಗಿಪೇಟೆಯ ರಾಗಿಯನ್ನು ಹಿಟ್ಟಾಗಿಸಿದವರು ಯಾರು ಎಂಬುದನ್ನು ಈ ಹೆಸರುಗಳು ಹೇಳುವುದಿಲ್ಲ. ಗಂಡಸಿನ ಕಸುಬು ಬೀದಿಗೆ ಹೆಸರಾಯಿತು. ಹೆಂಗಸಿನ ಕಸುಬು ಮನೆಯೊಳಗಿನ ಕೆಲಸವೆನಿಸಿಕೊಂಡು ಹೆಸರಿಲ್ಲದೆ ಉಳಿಯಿತು.

ಇದು ಕೇವಲ ಸ್ಥಳನಾಮಗಳ ಮಾತಲ್ಲ. ಪ್ರವಾಸಿಗರ ವರದಿ, ತೆರಿಗೆಯ ದಾಖಲೆ, ಗೆಜೆಟಿಯರ್, ಜನಗಣತಿ ಎಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ಇದೇ ಪಕ್ಷಪಾತವನ್ನು ಹೊಂದಿವೆ. ಹತ್ತೊಂಬತ್ತನೆಯ ಶತಮಾನದ ಆರಂಭದಿಂದ ಅಂತ್ಯದವರೆಗೆ ಬೆಂಗಳೂರು ಪೇಟೆಯಲ್ಲಿಯೂ, ಇಂದು ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳೆಂದು ಕರೆಯಲಾಗುವ ಬಡಾವಣೆಗಳ ನೆಲದಲ್ಲಿದ್ದ ಹಳ್ಳಿಗಳಲ್ಲಿಯೂ ದುಡಿಮೆ ಹೇಗೆ ಹಂಚಿಕೆಯಾಗಿತ್ತು, ಆ ಹಂಚಿಕೆ ಹೇಗೆ ಬದಲಾಯಿತು, ಬದಲಾವಣೆಯನ್ನು ದಾಖಲೆಗಳು ಎಷ್ಟರಮಟ್ಟಿಗೆ ಹಿಡಿದಿಟ್ಟವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಶತಮಾನದ ಆರಂಭ: ಬುಕಾನನ್ ಕಂಡ ಪೇಟೆ

ನಾಲ್ಕನೆಯ ಮೈಸೂರು ಯುದ್ಧ ಮುಗಿದ ಮರುವರ್ಷ, ಅಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿದನು. ಅವನ ಪ್ರವಾಸ ಕಥನವು 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಬುಕಾನನ್ ವೃತ್ತಿಯಿಂದ ವೈದ್ಯ, ಅಭಿರುಚಿಯಿಂದ ಸಸ್ಯಶಾಸ್ತ್ರಜ್ಞ. ಬೆಳೆ, ಬಣ್ಣ, ಮಗ್ಗ, ಗಾಣ, ಕೂಲಿ ಇವೆಲ್ಲವನ್ನೂ ವಿಚಾರಿಸಿ ಬರೆದುಕೊಳ್ಳುವುದು ಅವನ ಕ್ರಮವಾಗಿತ್ತು. ಕಂಪನಿ ಸರ್ಕಾರದ ಲಾಭದ ದೃಷ್ಟಿ ಅದರ ಹಿಂದಿತ್ತೆಂಬುದನ್ನು ಮರೆಯಬಾರದು. ಆದರೂ ಬೆಂಗಳೂರಿನ ಕಸುಬುಗಳ ಬಗ್ಗೆ ಅಷ್ಟು ವಿವರವಾದ ಬರವಣಿಗೆ ಅದಕ್ಕೆ ಮೊದಲು ಇಂಗ್ಲಿಷಿನಲ್ಲಿ ಇರಲಿಲ್ಲವೆನ್ನಬಹುದು.

ಬುಕಾನನ್ ಕಂಡ ಬೆಂಗಳೂರಿನಲ್ಲಿ ನೇಯ್ಗೆಯೇ ಪ್ರಧಾನ ಕೈಗಾರಿಕೆ. ರೇಷ್ಮೆ ನೇಯುವ ಪಟ್ಟೇಗಾರರು, ಹತ್ತಿಬಟ್ಟೆ ನೇಯುವ ದೇವಾಂಗರು, ಪದ್ಮಸಾಲೆಯವರು, ತೊಗಟರು, ಬಿಳಿಮಗ್ಗದವರು ಹೀಗೆ ಹಲವು ಸಮುದಾಯಗಳನ್ನು ಅವನು ಹೆಸರಿಸುತ್ತಾನೆ. ಇಲ್ಲಿನ ನೇಕಾರರ ಜಾಣ್ಮೆಯ ಬಗ್ಗೆ ಅವನಿಗೆ ಒಳ್ಳೆಯ ಅಭಿಪ್ರಾಯವಿತ್ತು. ಇವರೆಲ್ಲರೂ ಅವನ ಬರವಣಿಗೆಯಲ್ಲಿ ಗಂಡಸರೇ. ಆದರೆ ಈ ನೇಕಾರರ ಮಗ್ಗಕ್ಕೆ ನೂಲು ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆಗೆ ಉತ್ತರ ಕೊಡುವಾಗ ಚಿತ್ರವೇ ಬದಲಾಗುತ್ತದೆ. ಬ್ರಾಹ್ಮಣರನ್ನುಳಿದು ಎಲ್ಲ ಜಾತಿಗಳ ಹೆಂಗಸರೂ ವಾರದ ಸಂತೆಯಲ್ಲಿ ಅರಳೆ ಕೊಂಡು, ಮನೆಯಲ್ಲಿ ನೂತು, ನೂಲನ್ನು ನೇಕಾರರಿಗೆ ಮಾರುತ್ತಿದ್ದರೆಂದು ಅವನು ದಾಖಲಿಸಿದ್ದಾನೆ. ಮುಂದೆ ರಮೇಶಚಂದ್ರ ದತ್ತರು ಭಾರತದ ಆರ್ಥಿಕ ಇತಿಹಾಸವನ್ನು ಬರೆಯುವಾಗ ಈ ಮಾಹಿತಿಯನ್ನು ವಿಶೇಷವಾಗಿ ಎತ್ತಿ ಹೇಳಿದರು.

ಈ ಒಂದು ಸಂಗತಿಯಲ್ಲಿ ಮೂರು ಅಂಶಗಳು ಅಡಗಿವೆ. ಮೊದಲನೆಯದಾಗಿ, ನೂಲುವುದು ಒಂದು ಜಾತಿಯ ಕಸುಬಾಗಿರಲಿಲ್ಲ. ನೇಯ್ಗೆ ಜಾತಿಗೆ ಕಟ್ಟುಬಿದ್ದಿದ್ದಂತೆ ನೂಲುವಿಕೆ ಬಿದ್ದಿರಲಿಲ್ಲ. ಒಕ್ಕಲಿಗರ ಮನೆಯ ಹೆಂಗಸೂ, ಕೂಲಿಯವರ ಮನೆಯ ಹೆಂಗಸೂ ರಾಟೆ ತಿರುಗಿಸುತ್ತಿದ್ದರು. ಎರಡನೆಯದಾಗಿ, ಹೆಂಗಸು ಇಲ್ಲಿ ಗಂಡನ ಕಸುಬಿಗೆ ಕೈಗೂಡಿಸುವವಳು ಮಾತ್ರವಲ್ಲ. ಕಚ್ಚಾವಸ್ತುವನ್ನು ತಾನೇ ಕೊಳ್ಳುತ್ತಾಳೆ, ಸಿದ್ಧವಸ್ತುವನ್ನು ತಾನೇ ಮಾರುತ್ತಾಳೆ. ಸಂತೆಯಲ್ಲಿ ಅವಳು ಕೊಳ್ಳುವವಳೂ ಹೌದು, ಮಾರುವವಳೂ ಹೌದು. ಮೂರನೆಯದಾಗಿ, ಈ ಕೆಲಸ ಬೇಸಾಯದ ಬಿಡುವಿಗೆ ಹೊಂದಿಕೊಂಡಿತ್ತು. ಕಳೆ, ಕೊಯ್ಲು, ಒಕ್ಕಣೆ ಇಲ್ಲದ ತಿಂಗಳುಗಳಲ್ಲಿ ಮನೆಗೆ ಕಾಸು ತರುವ ದಾರಿ ರಾಟೆಯಾಗಿತ್ತು. ಬರದ ವರ್ಷದಲ್ಲಿ ಹೊಲ ಕೈಕೊಟ್ಟಾಗ ಉಳಿಯುತ್ತಿದ್ದ ಆಸರೆಗಳಲ್ಲಿ ಅದೂ ಒಂದು.

ನೇಕಾರರ ಮನೆಯೊಳಗೂ ದುಡಿಮೆ ಗಂಡಸಿನದು ಮಾತ್ರ ಆಗಿರಲಿಲ್ಲ. ಮಗ್ಗದ ಗುಣಿಯಲ್ಲಿ ಕುಳಿತು ಲಾಳಿ ಆಡಿಸುವವನು ಗಂಡಸು. ಆದರೆ ನೂಲು ಬಿಚ್ಚುವುದು, ಗಂಜಿ ಹಾಕುವುದು, ಹಾಸು ಹೂಡುವಾಗ ಎಳೆ ಹಿಡಿಯುವುದು, ಲಾಳಿಗೆ ಕಂಡಿಕೆ ಸುತ್ತುವುದು ಹೆಂಗಸರ ಮತ್ತು ಮಕ್ಕಳ ಕೈಕೆಲಸ. ಕಂಡಿಕೆ ಸುತ್ತುವ ಕೈ ನಿಂತರೆ ಮಗ್ಗವೂ ನಿಲ್ಲುತ್ತದೆ. ಹೀಗಾಗಿ ‘ಒಂದು ಮಗ್ಗ’ ಎಂಬ ಎಣಿಕೆ ವಾಸ್ತವದಲ್ಲಿ ಒಂದು ಕುಟುಂಬದ ಎಣಿಕೆ. ಸರ್ಕಾರ ಮಾತ್ರ ಅದನ್ನು ಒಬ್ಬ ಗಂಡಸಿನ ಲೆಕ್ಕದಲ್ಲಿ ಬರೆಯಿತು. ಹಿಂದಿನ ಶಾಸನಗಳಲ್ಲಿ ಬರುವ ಮಗ್ಗದೆರೆ, ಗಾಣದೆರೆಗಳೂ, ಮೈಸೂರು ಸಂಸ್ಥಾನದಲ್ಲಿ ಮನೆ, ಅಂಗಡಿ, ಮಗ್ಗ, ಗಾಣಗಳ ಮೇಲೆ ವಸೂಲಾಗುತ್ತಿದ್ದ ಮೊಹತರ್ಫಾ ತೆರಿಗೆಯೂ ಕಸುಬನ್ನು ಸಲಕರಣೆಯ ಮೂಲಕ ಗುರುತಿಸಿದವು. ಸಲಕರಣೆಯ ಒಡೆಯನೆಂದು ಮನೆಯ ಯಜಮಾನನನ್ನು ಗುರುತಿಸಿದವು.

ಇತರ ಕಸುಬುಗಳಲ್ಲಿಯೂ ಇದೇ ಜೋಡಿದುಡಿಮೆ ಕಾಣುತ್ತದೆ. ಕುರುಬರಲ್ಲಿ ಹೆಂಗಸರು ಉಣ್ಣೆ ನೂತರೆ ಗಂಡಸರು ಕಂಬಳಿ ನೇಯುತ್ತಿದ್ದರು. ಕುಂಬಾರರಲ್ಲಿ ಚಕ್ರ ತಿರುಗಿಸುವುದು ಗಂಡಸಿನ ಕೆಲಸ. ಮಣ್ಣು ಹದಮಾಡುವುದು, ಮಡಕೆ ಹೊತ್ತು ಮಾರುವುದು ಬಹುಮಟ್ಟಿಗೆ ಹೆಂಗಸರ ಪಾಲು. ಅಗಸರಲ್ಲಿ ಗಂಡ ಹೆಂಡಿರಿಬ್ಬರೂ ಕೆರೆಯ ಕಲ್ಲಿಗೆ ಹೋಗುತ್ತಿದ್ದರು. ಮೇದರಲ್ಲಿ ಬಿದಿರು ಸೀಳುವ, ಮೊರ ಬುಟ್ಟಿ ಹೆಣೆಯುವ ಕೆಲಸ ಇಬ್ಬರದೂ ಆಗಿತ್ತು. ಕೊರಮರಲ್ಲಿ ಗಂಡಸರು ಉಪ್ಪು, ಧಾನ್ಯಗಳನ್ನು ಹೇರಿಕೊಂಡು ಊರೂರು ತಿರುಗಿದರೆ, ಹೆಂಗಸರು ಹಚ್ಚೆ ಹಾಕುವ, ಕಣಿ ಹೇಳುವ ಕಸುಬನ್ನು ಸ್ವತಂತ್ರವಾಗಿ ನಡೆಸುತ್ತಿದ್ದರು.

ನೆರೆಹಳ್ಳಿಗಳ ದುಡಿಮೆ

ಇಂದಿನ ಬಸವನಗುಡಿಯ ನೆಲದಲ್ಲಿ ಸುಂಕೇನಹಳ್ಳಿ, ಗವಿಪುರ, ಮಾವಳ್ಳಿ, ಗುಟ್ಟಹಳ್ಳಿ ಮೊದಲಾದ ಹಳ್ಳಿಗಳಿದ್ದವು. ಕಾರ್ತಿಕ ಮಾಸದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬಳಿ ನಡೆಯುವ ಕಡಲೆಕಾಯಿ ಪರಿಷೆ ಈ ಹಳ್ಳಿಗಳ ಬೇಸಾಯದ ನೆನಪನ್ನು ಇಂದಿಗೂ ಉಳಿಸಿಕೊಂಡಿದೆ. ಉತ್ತರದಲ್ಲಿ ಮಲ್ಲೇಶ್ವರದ ಮೂಲವಾದ ಮಲ್ಲಾಪುರದ ದೇವಾಲಯಕ್ಕೆ 1669ರಲ್ಲಿ ಮರಾಠ ದೊರೆ ಏಕೋಜಿ ಮೇದರನಿಂಗನಹಳ್ಳಿಯನ್ನು ದತ್ತಿಯಾಗಿ ಬಿಟ್ಟನೆಂದು ಕಾಡುಮಲ್ಲೇಶ್ವರ ದೇವಾಲಯದ ಬಳಿಯ ಶಾಸನ ತಿಳಿಸುತ್ತದೆ. ಊರಿನ ಹೆಸರಿನಲ್ಲಿಯೇ ‘ಮೇದರ’ ಎಂಬ ಕಸುಬುದಾರರ ಹೆಸರು ಸೇರಿಕೊಂಡಿರುವುದು ಗಮನಾರ್ಹ.

ಈ ಹಳ್ಳಿಗಳ ಮುಖ್ಯ ಬೆಳೆ ರಾಗಿ. ಉಳುವುದು, ಕೂರಿಗೆ ಹಿಡಿಯುವುದು, ಕುಂಟೆ ಹೊಡೆಯುವುದು, ಅಂದರೆ ಎತ್ತುಗಳಿರುವ ಎಲ್ಲ ಕೆಲಸಗಳೂ ಗಂಡಸಿನವು. ಕಳೆ ಕೀಳುವುದು, ಅಕ್ಕಡಿ ಸಾಲಿನ ಅವರೆ, ತೊಗರಿಗಳನ್ನು ಬಿಡಿಸುವುದು, ಕಣ ಬಳಿಯುವುದು, ಕೇರುವುದು, ಬಿತ್ತನೆಯ ಬೀಜವನ್ನು ಆರಿಸಿ ಮುಂದಿನ ಹಂಗಾಮಿಗೆ ಕಾಪಾಡುವುದು ಹೆಂಗಸಿನವು. ಕೆರೆಯ ಕೆಳಗಿನ ಗದ್ದೆಗಳಲ್ಲಿ ನಾಟಿ ಪೂರ್ತಿಯಾಗಿ ಹೆಂಗಸರ ಕೆಲಸ. ಕೊಯ್ಲು ಇಬ್ಬರದೂ. ಅಲ್ಲಿಂದ ಮುಂದೆ ರಾಗಿ ಬೀಸುವುದು, ಭತ್ತ ಕುಟ್ಟುವುದು ನಸುಕಿನಲ್ಲಿಯೇ ಆರಂಭವಾಗುವ ನಿತ್ಯದ ದುಡಿಮೆ. ಬೀಸುವ ಪದ, ಕುಟ್ಟುವ ಪದ, ನಾಟಿ ಪದಗಳೆಂದು ಜಾನಪದ ವಿದ್ವಾಂಸರು ಸಂಗ್ರಹಿಸಿದ ಹಾಡುಗಳು ಹುಟ್ಟಿದ್ದು ಇಂತಹ ಕೆಲಸಗಳ ನಡುವೆ. ಸರ್ಕಾರದ ಕಡತದಲ್ಲಿ ಹೆಸರಿಲ್ಲದ ಈ ಕೆಲಸಗಳಿಗೆ ಹಾಡಿನ ಪರಂಪರೆಯಲ್ಲಿ ಒಂದೊಂದಕ್ಕೂ ಬೇರೆ ಬೇರೆ ಹೆಸರಿರುವುದು ಇತಿಹಾಸಕಾರನು ಮನಗಾಣಬೇಕಾದ ಸಂಗತಿ.

ಕೆಂಪಾಂಬುಧಿ, ಧರ್ಮಾಂಬುಧಿ, ಸಂಪಂಗಿ ಕೆರೆಗಳ ಸುತ್ತ ತಿಗಳರ ತೋಟಗಳಿದ್ದವು. ಪಾತಿ ಕಟ್ಟುವುದು, ನೀರೆತ್ತುವುದು ಗಂಡಸರ ಕೆಲಸ. ಸೊಪ್ಪು, ತರಕಾರಿ, ಹೂಗಳನ್ನು ಬಿಡಿಸಿ, ಕಟ್ಟಿ, ಬುಟ್ಟಿಯಲ್ಲಿ ಹೊತ್ತು ಪೇಟೆಗೆ ತಂದು ಮಾರುವುದು ಹೆಂಗಸರ ಕೆಲಸ. ತೋಟದ ಯಜಮಾನಿಕೆ ಗಂಡಸಿನ ಹೆಸರಿನಲ್ಲಿದ್ದರೂ ಗಿರಾಕಿಯ ಮುಖ, ಪೇಟೆಯ ಧಾರಣೆ, ದಿನದ ಕಾಸು ಇವು ತಿಳಿದಿದ್ದುದು ಹೆಂಗಸಿಗೆ. ಧರ್ಮಾಂಬುಧಿಯ ನೆಲ ಮುಂದೆ ಬಸ್ ನಿಲ್ದಾಣವಾಗಿ, ಸಂಪಂಗಿಯ ನೆಲ ಕ್ರೀಡಾಂಗಣವಾಗಿ ಮಾರ್ಪಟ್ಟಾಗ ಕೆರೆಗಳೊಡನೆ ಈ ದುಡಿಮೆಯ ಕ್ರಮವೂ ಅಲ್ಲಿಂದ ಮರೆಯಾಯಿತು.

ಹಳ್ಳಿಯ ಆಯಗಾರ ಪದ್ಧತಿಯನ್ನೂ ಇಲ್ಲಿ ನೆನೆಯಬೇಕು. ಗೌಡ, ಶಾನುಭೋಗ, ಕಮ್ಮಾರ, ಅಗಸ, ಕುಂಬಾರ, ನಾಯಿಂದ, ಪಂಚಾಂಗದವರು, ತಳವಾರ, ತೋಟಿ, ನೀರಗಂಟಿ ಮೊದಲಾದವರಿಗೆ ಸುಗ್ಗಿಯಲ್ಲಿ ಧಾನ್ಯದ ರೂಪದಲ್ಲಿ ಆಯ ಸಲ್ಲುತ್ತಿತ್ತು. ಪಟ್ಟಿಯಲ್ಲಿರುವವರೆಲ್ಲರೂ ಗಂಡಸರೇ. ಆದರೆ ಅಗಸರ ಮನೆಯ ಹೆಂಗಸು ಬಟ್ಟೆ ಒಗೆಯದೆ, ಹಲವೆಡೆ ನಾಯಿಂದರ ಮನೆಯ ಹೆಂಗಸು ಸೂಲಗಿತ್ತಿಯಾಗಿ ಬಾಣಂತಿಯನ್ನು ನೋಡಿಕೊಳ್ಳದೆ ಆ ಆಯ ಪೂರ್ತಿಯಾಗುತ್ತಿರಲಿಲ್ಲ. ಸಲ್ಲುತ್ತಿದ್ದ ಧಾನ್ಯ ಮನೆತನದ ದುಡಿಮೆಗೆ. ಬರೆಯುತ್ತಿದ್ದ ಹೆಸರು ಮನೆಯ ಗಂಡಸಿನದು.

ರಾಟೆಯಿಂದ ಗಿರಣಿಗೆ

ಶತಮಾನ ಮುಂದುವರಿದಂತೆ ಈ ವ್ಯವಸ್ಥೆಯ ಮೇಲೆ ಹಲವು ಒತ್ತಡಗಳು ಬಿದ್ದವು. 1809ರಲ್ಲಿ ದಂಡು ಪ್ರದೇಶ ಸ್ಥಾಪನೆಯಾಯಿತು. 1831ರಲ್ಲಿ ಆಡಳಿತವು ಬ್ರಿಟಿಷ್ ಕಮಿಷನರ ಕೈಗೆ ಹೋಗಿ ಬೆಂಗಳೂರು ಆಡಳಿತ ಕೇಂದ್ರವಾಯಿತು. ಗುಮಾಸ್ತೆ, ಮುನ್ಷಿ, ಜವಾನ, ಓವರ್‌ಸಿಯರ್ ಮೊದಲಾದ ಹೊಸ ಕಸುಬುಗಳು ಗಂಡಸರಿಗೆ ತೆರೆದುಕೊಂಡವು. ದಂಡಿನಲ್ಲಿ ಆಯಾ, ಹುಲ್ಲು ಕೊಯ್ದು ಮಾರುವವಳು, ಮನೆಗೆಲಸದವಳು ಎಂಬ ದುಡಿಮೆಗಳು ಹೆಂಗಸರಿಗೆ ದೊರೆತವು. ಒಂದು ಕಡೆ ಸಂಬಳದ ಉದ್ಯೋಗ, ಇನ್ನೊಂದು ಕಡೆ ಚಾಕರಿ ಎಂಬ ಭೇದ ಇಲ್ಲಿಂದಲೇ ಬೆಳೆಯತೊಡಗಿತು.

ಎರಡನೆಯದು ಯಂತ್ರದ ನೂಲು. ಇಂಗ್ಲೆಂಡಿನ ಲಂಕಾಷೈರಿನ ಗಿರಣಿಗಳ ನೂಲು ಅಗ್ಗವಾಗಿ, ಒಂದೇ ಸಮನಾಗಿ ದೊರೆಯತೊಡಗಿದಾಗ ಕೈನೂಲಿನ ಬೇಡಿಕೆ ಕುಸಿಯಿತು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂದ ಮೇಲೆ ಸಾಗಣೆ ಇನ್ನೂ ಸುಲಭವಾಯಿತು. ಈ ಘಟ್ಟದ ಚರಿತ್ರೆಯನ್ನು ಸಾಮಾನ್ಯವಾಗಿ ‘ನೇಕಾರರ ಅವನತಿ’ ಎಂದು ಬರೆಯಲಾಗುತ್ತದೆ. ಆದರೆ ಸೂಕ್ಷ್ಮವಾಗಿ ನೋಡಿದರೆ ನೇಕಾರನು ಗಿರಣಿಯ ನೂಲನ್ನೇ ಕೊಂಡು ಮಗ್ಗವನ್ನು ಹೇಗೋ ನಡೆಸಿಕೊಂಡು ಬಂದನು. ಪೇಟೆಯ ಕಬ್ಬನ್‌ಪೇಟೆ ಮೊದಲಾದೆಡೆ ಮಗ್ಗದ ಸದ್ದು ಇಪ್ಪತ್ತನೆಯ ಶತಮಾನದಲ್ಲಿಯೂ ಕೇಳುತ್ತಿತ್ತು. ಮೊದಲು ಕಸುಬು ಕಳೆದುಕೊಂಡವಳು ನೂಲುವವಳು. ಅವಳಿಗೆ ಸಂಘವಿರಲಿಲ್ಲ, ಕುಲದ ಕಟ್ಟಿರಲಿಲ್ಲ, ಅವಳ ಹೆಸರಿನ ಪೇಟೆಯಿರಲಿಲ್ಲ. ಎಲ್ಲ ಜಾತಿಗಳ ಮನೆಗಳಲ್ಲಿ ಹಂಚಿಹೋಗಿದ್ದ ಕಸುಬಾದ್ದರಿಂದ ಅದರ ನಾಶವೂ ಮನೆಮನೆಗೆ ಹಂಚಿಹೋಗಿ ಯಾರ ಗಮನಕ್ಕೂ ಬಾರದಾಯಿತು.

ಮೂರನೆಯದು 1876–78ರ ಮಹಾಕ್ಷಾಮ. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಅಂದರೆ 8,69,224 ಜನರ ಇಳಿಕೆ. ಬೆಳೆ ಹೋದಾಗ ರಾಟೆಯ ಆಸರೆಯೂ ಇಲ್ಲದಿದ್ದುದು ಹಳ್ಳಿಯ ಬಡ ಮನೆಗಳಿಗೆ ಎಷ್ಟು ಭಾರವಾಗಿರಬೇಕೆಂಬುದನ್ನು ಊಹಿಸಬಹುದು. ಕ್ಷಾಮ ಪರಿಹಾರದ ಕಾಮಗಾರಿಗಳಲ್ಲಿ ಗಂಡಸರು ಅಗೆದರೆ ಹೆಂಗಸರು ಮಂಕರಿಯಲ್ಲಿ ಮಣ್ಣು ಹೊತ್ತರು. ಕಟ್ಟಡ, ರಸ್ತೆ, ಕೆರೆಗಳ ಕೆಲಸದಲ್ಲಿ ಇದೇ ಹಂಚಿಕೆ ಮುಂದೆಯೂ ನಿಂತುಹೋಯಿತು. 1882ರಲ್ಲಿ ಮಲ್ಲೇಶ್ವರದ ಬಳಿ ನಿರ್ಮಾಣವಾದ ಕೆರೆಗೆ ಎಂಜಿನಿಯರ್ ಸ್ಯಾಂಕಿಯ ಹೆಸರು ಉಳಿದಿದೆ. ಇಂತಹ ಏರಿಗಳಿಗೆ ಮಣ್ಣು ಹೊತ್ತವರ ಹೆಸರನ್ನು ಯಾವ ಫಲಕವೂ ಹೇಳುವುದಿಲ್ಲ.

1880ರ ದಶಕದಲ್ಲಿ ಗಿರಣಿಗಳು ಬೆಂಗಳೂರಿಗೇ ಬಂದವು. 1884ರಲ್ಲಿ ಸ್ಥಾಪನೆಯಾಗಿ ಮುಂದೆ ಬಿನ್ನಿ ಕಂಪನಿಯ ಕೈಗೆ ಬಂದ ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಪೇಟೆಯ ಪಶ್ಚಿಮಕ್ಕೂ, ಜನರ ಬಾಯಲ್ಲಿ ‘ರಾಜಾ ಮಿಲ್’ ಎನಿಸಿದ ಮೈಸೂರು ನೂಲುವ ಗಿರಣಿ ಮಲ್ಲೇಶ್ವರದ ಅಂಚಿಗೂ ತಲೆಯೆತ್ತಿದವು. ಇಲ್ಲಿ ಒಂದು ವಿಪರ್ಯಾಸವಿದೆ. ಶತಮಾನದ ಆರಂಭದಲ್ಲಿ ನೂಲುವುದು ಪೂರ್ತಿಯಾಗಿ ಹೆಂಗಸಿನ ಕೈಯಲ್ಲಿತ್ತು. ಭಾರತದ ಗಿರಣಿಗಳಲ್ಲಿ ನೂಲುವ ಯಂತ್ರದ ಮುಂದೆ ನಿಂತವರು ಬಹುತೇಕ ಗಂಡಸರು; ಹೆಂಗಸರಿಗೆ ದೊರೆತದ್ದು ನೂಲು ಸುತ್ತುವ, ಲಡಿ ಕಟ್ಟುವ ಕಡಿಮೆ ಕೂಲಿಯ ವಿಭಾಗಗಳು. ಕಸುಬು ಮನೆಯಿಂದ ಕಾರ್ಖಾನೆಗೆ ಹೋದಾಗ ಅದರ ಲಿಂಗವೂ ಬದಲಾಯಿತು. ರಾಜಾ ಮಿಲ್ ಇದ್ದ ಜಾಗದಲ್ಲಿ ಈಗ ದೊಡ್ಡ ಮಾರಾಟ ಮಳಿಗೆಗಳ ಸಂಕೀರ್ಣವಿದೆ.

ಎಣಿಕೆಯ ರಾಜಕಾರಣ

ಸಂಸ್ಥಾನದಲ್ಲಿ 1871ರಿಂದ ಹತ್ತು ವರ್ಷಗಳಿಗೊಮ್ಮೆ ನಡೆದ ಜನಗಣತಿಗಳು ಕಸುಬುಗಳ ಅಧ್ಯಯನಕ್ಕೆ ಮುಖ್ಯ ಆಕರಗಳು. ಆದರೆ ಅವುಗಳ ವರ್ಗೀಕರಣದ ಮಾದರಿ ಇಂಗ್ಲೆಂಡಿನದು. ವಿಲಿಯಂ ಫಾರ್ ರೂಪಿಸಿದ ವೃತ್ತಿಪರ, ಗೃಹಸೇವೆ, ವಾಣಿಜ್ಯ, ಕೃಷಿ, ಕೈಗಾರಿಕೆ ಹಾಗೂ ಅನಿರ್ದಿಷ್ಟ ಎಂಬ ವರ್ಗಗಳು ಇಲ್ಲಿಗೂ ಬಂದವು. ಆ ಮಾದರಿ ತನ್ನ ತವರಿನಲ್ಲಿಯೇ ಹೆಂಗಸರ ದುಡಿಮೆಯ ಬಗ್ಗೆ ದ್ವಂದ್ವಕ್ಕೆ ಸಿಲುಕಿತ್ತೆಂಬುದು ಕುತೂಹಲಕರ. ಇಂಗ್ಲೆಂಡಿನ ಗ್ರಾಮೀಣ ಪ್ಯಾರಿಷ್‌ಗಳ ಗಣತಿ ಪುಸ್ತಕಗಳಲ್ಲಿ ಗಂಡಸರ ಮುಂದೆ ಸಾಲುಸಾಲಾಗಿ ‘ಕೃಷಿ ಕೂಲಿ’ ಎಂದಿರುತ್ತದೆ. ಬೆಡ್‌ಫರ್ಡ್‌ಷೈರಿನಲ್ಲಿ ಹುಲ್ಲಿನ ಜಡೆ ಹೆಣೆದು ಟೋಪಿ ತಯಾರಿಕೆಗೆ ಮಾರುತ್ತಿದ್ದ, ಬಕಿಂಗ್‌ಹ್ಯಾಮ್‌ಷೈರಿನಲ್ಲಿ ಲೇಸು ಹೆಣೆಯುತ್ತಿದ್ದ ಹೆಂಗಸರ ಕಸುಬು ಕೆಲವೆಡೆ ದಾಖಲಾಗಿದೆ. ಕೊಯ್ಲಿಗೆ, ಕಳೆಗೆ ಹೋಗುತ್ತಿದ್ದವರ ಮುಂದೆ ಬಹುಪಾಲು ಜಾಗ ಖಾಲಿ. 1851ರಿಂದ 1871ರವರೆಗೆ ರೈತ, ಅಂಗಡಿಕಾರ, ಪಾದರಕ್ಷೆ ಮಾಡುವವ ಮೊದಲಾದವರ ಹೆಂಡತಿಯರನ್ನು ಕೋಷ್ಟಕಗಳಲ್ಲಿ ಗಂಡನ ಕಸುಬಿನೊಡನೆ ಸೇರಿಸಲಾಗುತ್ತಿತ್ತು. 1881ರಲ್ಲಿ ಅವರನ್ನು ‘ಉದ್ಯೋಗವಿಲ್ಲದವರ’ ವರ್ಗಕ್ಕೆ ತಳ್ಳಲಾಯಿತು. ಅವರ ದಿನಚರಿ ಬದಲಾಗಿರಲಿಲ್ಲ, ಕೋಷ್ಟಕ ಬದಲಾಗಿತ್ತು.

ನಮ್ಮಲ್ಲಿಯೂ ಇಂತಹ ಪಲ್ಲಟಗಳಾದವು. 1891ರ ಗಣತಿಯು ಕಸುಬನ್ನಲ್ಲದೆ ‘ಜೀವನಾಧಾರ’ವನ್ನು ಎಣಿಸಿತು, ದುಡಿಯುವವರೂ ಅವರನ್ನು ಅವಲಂಬಿಸಿದವರೂ ಒಂದೇ ಅಂಕಿಯಲ್ಲಿ ಸೇರಿಹೋದರು. 1901ರಲ್ಲಿ ದುಡಿಯುವವರು ಮತ್ತು ಅವಲಂಬಿತರು ಎಂದು ಬೇರ್ಪಡಿಸಲಾಯಿತು. ಅಡುಗೆ ಮುಂತಾದ ಮನೆಗೆಲಸ ಉದ್ಯೋಗವೆನಿಸಲಿಲ್ಲ. ಪ್ರಶ್ನೆ ಕೇಳುತ್ತಿದ್ದ ಎಣಿಕೆದಾರನೂ, ಉತ್ತರ ಹೇಳುತ್ತಿದ್ದ ಮನೆಯ ಯಜಮಾನನೂ ಸಾಮಾನ್ಯವಾಗಿ ಗಂಡಸರೇ. ಕಂಡಿಕೆ ಸುತ್ತುವವಳು ನೇಕಾರಳೋ ಅವಲಂಬಿತಳೋ, ಸ್ವಂತ ಹೊಲದಲ್ಲಿ ಕಳೆ ಕೀಳುವವಳು ಬೇಸಾಯಗಾರಳೋ ಗೃಹಿಣಿಯೋ ಎಂಬ ತೀರ್ಮಾನ ಆ ಇಬ್ಬರು ಗಂಡಸರ ನಡುವಿನ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಆದ್ದರಿಂದ ಒಂದು ಗಣತಿಯಿಂದ ಇನ್ನೊಂದಕ್ಕೆ ದುಡಿಯುವ ಹೆಂಗಸರ ಸಂಖ್ಯೆಯಲ್ಲಿ ಕಾಣುವ ಏರಿಳಿತವನ್ನು ಸಮಾಜದ ಏರಿಳಿತವೆಂದು ಹಾಗೆಯೇ ಒಪ್ಪಿಕೊಳ್ಳುವುದು ಅಪಾಯಕರ. ಈ ಎಚ್ಚರವಿಲ್ಲದೆ ಬರೆದ ಆರ್ಥಿಕ ಇತಿಹಾಸವು ದುಡಿಯುವ ಜನರ ಅರ್ಧಭಾಗವನ್ನು ದುಡಿಯದವರೆಂದು ಒಪ್ಪಿಕೊಂಡಂತಾಗುತ್ತದೆ.

ಬಡಾವಣೆಗಳ ಕಾಲ

1892ರಲ್ಲಿ ಚಾಮರಾಜಪೇಟೆ ರೂಪುಗೊಂಡಿತು. 1898ರಲ್ಲಿ ಪ್ಲೇಗು ಪೇಟೆಯನ್ನು ಹೊಕ್ಕಿತು. 1891ರಲ್ಲಿ 80,285 ಇದ್ದ ನಗರ ಭಾಗದ ಜನಸಂಖ್ಯೆ 1901ರಲ್ಲಿ 69,447ಕ್ಕೆ ಕುಗ್ಗಿತು. ಇಕ್ಕಟ್ಟಾದ ಪೇಟೆಯಿಂದ ಹೊರಬಂದ ಅನುಕೂಲಸ್ಥ ಕುಟುಂಬಗಳಿಗೆ ಬಸವನಗುಡಿ, ಮಲ್ಲೇಶ್ವರಗಳು ನೆಲೆಯಾದವು. ಅಗಲವಾದ ರಸ್ತೆ, ಅಡ್ಡರಸ್ತೆ, ಹಿತ್ತಲುಳ್ಳ ಮನೆಗಳ ಈ ಬಡಾವಣೆಗಳು ಕಸುಬಿನ ದೃಷ್ಟಿಯಿಂದಲೂ ಹೊಸವು. ಪೇಟೆಯ ಮನೆಯಲ್ಲಿ ಮುಂಭಾಗ ಅಂಗಡಿ ಅಥವಾ ಮಗ್ಗ, ಹಿಂಭಾಗ ವಾಸ. ಬಡಾವಣೆಯ ಮನೆಯಲ್ಲಿ ಯಜಮಾನನ ಉದ್ಯೋಗ ಕಚೇರಿಯಲ್ಲಿ, ನ್ಯಾಯಾಲಯದಲ್ಲಿ, ಶಾಲೆಯಲ್ಲಿ. ಮನೆ ವಾಸಕ್ಕೆ ಮಾತ್ರ. ದುಡಿಮೆ ಹೊರಗೆ, ಸಂಸಾರ ಒಳಗೆ ಎಂಬ ನಂಬಿಕೆಗೆ ಇಟ್ಟಿಗೆ ಗಾರೆಗಳ ರೂಪ ದೊರೆತದ್ದು ಇಲ್ಲಿಯೇ. ಗಣತಿಯ ಕೋಷ್ಟಕಕ್ಕೂ ಈ ಮನೆಯ ನಕ್ಷೆಗೂ ಇರುವ ಹೋಲಿಕೆ ಆಕಸ್ಮಿಕವೆನಿಸುವುದಿಲ್ಲ.

ಆದರೆ ಈ ಮನೆಗಳು ನಡೆದದ್ದು ಹಳೆಯ ಹಳ್ಳಿಗಳ ಹೆಂಗಸರ ದುಡಿಮೆಯಿಂದಲೇ. ಹೊಲ ಬಡಾವಣೆಯಾದಾಗ ಉಳುತ್ತಿದ್ದ ಗಂಡಸು ಕೂಲಿಯಾದಂತೆ, ಕಳೆ ಕೀಳುತ್ತಿದ್ದ ಹೆಂಗಸು ಪಾತ್ರೆ ತಿಕ್ಕುವವಳಾದಳು, ಹಾಲು, ಮೊಸರು, ಸೊಪ್ಪು, ಹೂವು ಮಾರುವವಳಾದಳು. ಬಡಾವಣೆಯ ಒಳಗಿನ ಹೆಂಗಸರಿಗೂ ಬಿಡುವಿರಲಿಲ್ಲ. ಬೀಸುವ ಕಲ್ಲು, ಒರಳು, ಒನಕೆಗಳು ಅಲ್ಲಿಗೂ ಬಂದವು. 1905ರಲ್ಲಿ ಬೆಂಗಳೂರಿಗೆ ವಿದ್ಯುತ್ತು ಬಂದು, ಕ್ರಮೇಣ ಹಿಟ್ಟಿನ ಗಿರಣಿಗಳು ಹರಡಿದ ಮೇಲೆಯೇ ಬೀಸುವ ಕಲ್ಲಿಗೆ ವಿಶ್ರಾಂತಿ ದೊರೆತದ್ದು.

ಉಪಸಂಹಾರ

ಒಟ್ಟಾರೆ ನೋಡಿದಾಗ, ಹತ್ತೊಂಬತ್ತನೆಯ ಶತಮಾನದ ಬೆಂಗಳೂರಿನಲ್ಲಿ ಕಸುಬಿನ ಘಟಕ ವ್ಯಕ್ತಿಯಲ್ಲ, ಮನೆ. ಮಗ್ಗ, ಚಕ್ರ, ತೋಟ, ಹೊಲ ಯಾವುದೂ ಒಬ್ಬನಿಂದ ನಡೆಯುತ್ತಿರಲಿಲ್ಲ. ಅದರ ಜೊತೆಗೆ ನೂಲುವಿಕೆ, ಸೂಲಗಿತ್ತಿತನ, ತರಕಾರಿ ಮಾರಾಟ, ಹಚ್ಚೆ ಹಾಕುವುದು ಮೊದಲಾದ ಹೆಂಗಸರದೇ ಆದ ಕಸುಬುಗಳೂ ಇದ್ದವು. ಶತಮಾನದ ಆದಿಯಲ್ಲಿ ಪರಕೀಯನಾದ ಬುಕಾನನ್ ಸಂತೆಯಲ್ಲಿ ಕಣ್ಣಾರೆ ಕಂಡು, ಕೇಳಿ ಬರೆದುಕೊಂಡ ನೂಲುವವಳು, ಶತಮಾನದ ಅಂತ್ಯದ ವ್ಯವಸ್ಥಿತ ಗಣತಿಯಲ್ಲಿ ‘ಅವಲಂಬಿತಳು’ ಎಂಬ ಒಂದು ಅಂಕಿಯಾಗಿದ್ದಳು. ಈ ಅಂತರಕ್ಕೆ ಅರ್ಧ ಕಾರಣ ಯಂತ್ರದ ನೂಲು, ಇನ್ನರ್ಧ ಕಾರಣ ಎಣಿಕೆಯ ಕ್ರಮ. ಇವೆರಡನ್ನೂ ಬೇರ್ಪಡಿಸಿ ನೋಡುವುದು ಸಂಶೋಧಕರ ಮೊದಲ ಹೊಣೆ.

ಅದಕ್ಕಾಗಿ ಗಣತಿಯ ಅಂಕಿಗಳನ್ನು ಶಾಸನ, ಗೆಜೆಟಿಯರ್, ಪ್ರವಾಸ ಕಥನಗಳ ಜೊತೆಗಿಟ್ಟು ಓದಬೇಕು. ಮನೆತನಗಳ ಹಳೆಯ ಲೆಕ್ಕದ ಪುಸ್ತಕಗಳು, ಸಂತೆ ಪರಿಷೆಗಳ ರೂಢಿಗಳು, ಕಸುಬಿನ ಪದಕೋಶ, ಜನಪದ ಗೀತೆಗಳು ಇವುಗಳನ್ನೂ ಆಕರಗಳೆಂದು ಮನ್ನಿಸಬೇಕು. ಕಂಡಿಕೆ, ಹಂಜಿ, ಅಕ್ಕಡಿ, ಮಂಕರಿ ಎಂಬ ಮಾತುಗಳು ಬಳಕೆಯಿಂದ ಜಾರುತ್ತಿರುವ ಈ ಹೊತ್ತಿನಲ್ಲಿ, ಅವುಗಳನ್ನು ಬಲ್ಲ ಹಿರಿಯರು ಪೇಟೆಯ ಗಲ್ಲಿಗಳಲ್ಲಿಯೂ ಬಡಾವಣೆಗಳ ನಡುವೆ ಉಳಿದುಕೊಂಡ ಹಳೆಯ ಹಳ್ಳಿಗಳ ಕೇರಿಗಳಲ್ಲಿಯೂ ಇನ್ನೂ ಇದ್ದಾರೆ. ಅವರ ನೆನಪುಗಳನ್ನು ಬರಹಕ್ಕೆ ಇಳಿಸುವ ಕಾರ್ಯ ತಡವಾದಷ್ಟೂ, ಬೀದಿಯ ಹೆಸರಿನಲ್ಲಿಯೂ ಕೋಷ್ಟಕದಲ್ಲಿಯೂ ಸ್ಥಾನ ದೊರೆಯದ ಆ ದುಡಿಮೆಗೆ ಇತಿಹಾಸದಲ್ಲಿಯೂ ಸ್ಥಾನವಿಲ್ಲದಂತಾಗುತ್ತದೆ.